ರೇಸಿಗೆ ಹೋಗುವ ಮಾವ, ಸಾಕ್ಷಿಗೆ ಹೋದ ನಾನು

ನಮ್ಮ ಸೋದರಮಾವ ವರ್ಷಗಟ್ಟಲೆ ಬೆಂಗಳೂರಿನ ಕುದುರೆ ರೇಸಿಗೆ ಹೋಗಿ ಒಂದೇ ಒಂದು ಸಲವೂ ಸೋಲದೆ ಬಂದ ಮನುಷ್ಯ. ಇಂಥವರು ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಗುಟ್ಟೇನು ಎಂದು ಕೇಳುತ್ತೀರಾ? ಗುಟ್ಟೇನೂ ಇಲ್ಲ. ಅವನು ಒಂದು ಸಲವೂ ಆಡಲಿಲ್ಲ.

ಇದನ್ನು ಅವನ ಊರಾದ ಬಸವಾಪಟ್ಟಣದಲ್ಲಿ ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಗಾದೆ ನಿಮಗೆ ಗೊತ್ತೇ ಇದೆ. ನಮ್ಮ ಮಾವ ಮಜ್ಜಿಗೆಯನ್ನೂ ಕುಡಿಯಲಿಲ್ಲ. ಮರದ ಕೆಳಗೆ ಕೂತು ಮರವನ್ನು ನೋಡಿಕೊಂಡು ಎದ್ದು ಬಂದ. ಕುಡಿದವನನ್ನು ಊರು ಒಂದು ದಿನ ಕ್ಷಮಿಸುತ್ತದೆ. ಮರ ನೋಡಿ ಬಂದೆ ಎನ್ನುವವನನ್ನು ಏನು ಮಾಡಬೇಕೆಂದು ಊರಿಗೆ ತಿಳಿಯುವುದಿಲ್ಲ.

ಅವನಿಗೆ ಈ ಹುಚ್ಚು ಹತ್ತಿದ್ದು ಜಮೀನಿನ ಕೇಸಿನಿಂದ. ಬೆಂಗಳೂರಿನ ಕೋರ್ಟಿಗೆ ಹೋದ, ವಾಯಿದೆ ಮುಂದಕ್ಕೆ ಹೋಯಿತು, ಊರಿಗೆ ಬಸ್ಸು ಸಂಜೆಗಿತ್ತು. ಜನ ಸಾಲಾಗಿ ಒಂದು ಗೇಟಿನೊಳಗೆ ಹೋಗುತ್ತಿದ್ದರು, ಇವನೂ ಸಾಲಿನಲ್ಲಿ ನಿಂತ. ಒಳಗೆ ಹೋದ ಮೇಲೇ ಗೊತ್ತಾದದ್ದು ಅದು ರೇಸ್ ಕೋರ್ಸು ಎಂದು. ಆ ನೂಕುನುಗ್ಗಲಿನಲ್ಲಿ ಗೆಲ್ಲುವ ಕಂಬದ ಹತ್ತಿರ ನಿಲ್ಲಲು ಜಾಗ ಸಿಗದೆ ಇವನು ತಿರುವಿನ ಕಡೆಯ ಬಿಳೀ ಕಂಬಿಯ ತುದಿಗೆ ತಳ್ಳಿಸಿಕೊಂಡು ಹೋದ. ಅಲ್ಲಿಂದ ಗೆದ್ದ ಕುದುರೆ ಕಾಣುವುದಿಲ್ಲ. ಎಲ್ಲ ಕುದುರೆಗಳೂ ಧೂಳೆಬ್ಬಿಸಿ ಹೋದ ಮೇಲೆ ಒಂಟಿಯಾಗಿ ಓಡಿ ಬರುವ ಕೊನೆಯ ಕುದುರೆ ಮಾತ್ರ ಚೆನ್ನಾಗಿ ಕಾಣುತ್ತದೆ. ಅದನ್ನು ನೋಡಿದ. ಅವತ್ತಿನಿಂದ ನಮ್ಮ ಮಾವ ಕೊನೆಯ ಕುದುರೆ ನೋಡಲು ಹೋಗುವವನಾದ.

‘ಗೆದ್ದದ್ದನ್ನ ನೋಡಾಕೆ ಅಷ್ಟು ಜನ ಅದಾರೆ. ಕೊನೇದನ್ನ ನೋಡಾಕೆ ಒಬ್ಬನಾದ್ರೂ ಬ್ಯಾಡೇನಲೇ?’ ಎಂದು ನನ್ನನ್ನು ಕೇಳುತ್ತಿದ್ದ.

‘ಕೊನೇದಕ್ಕೆ ನೀನು ನೋಡ್ತಿದೀಯ ಅಂತ ಗೊತ್ತೇನು ಮಾವ?’

‘ಗೊತ್ತಾಗದಿದ್ರೇನು? ಹೊಲದಾಗೆ ಜೋಳ ಬೆಳೀತೈತಲ್ಲ, ಅದಕ್ಕೆ ನಾನು ಗೊತ್ತೇನು?’

ಇದಕ್ಕೆ ಉತ್ತರವಿದ್ದರೆ ನೀವು ಹೇಳಿ.

ರೇಸಿಗೆ ಹೋಗುವಾಗ ಅವನು ಕರೀ ಕೋಟು ಹಾಕಿ, ಟೈ ಕಟ್ಟಿ, ತಲೆಗೆ ಟೋಪಿ ಇಟ್ಟು, ಬೂಟು ತೊಟ್ಟು ಹೋಗುತ್ತಿದ್ದ. ಕೆಳಗೆ ಮಾತ್ರ ಕಚ್ಚೆಪಂಚೆ. ದೊಡ್ಡ ಮನುಷ್ಯರು ಕೂರುವ ಸದಸ್ಯರ ಗ್ಯಾಲರಿಗೆ ಕೋಟು ಟೈ ಇಲ್ಲದೆ ಬಿಡುವುದಿಲ್ಲವೆಂದು ಯಾರೋ ಹೇಳಿದ್ದರು. ಆದರೆ ಇವನು ಹೋಗುತ್ತಿದ್ದದ್ದು ಎಲ್ಲಕ್ಕಿಂತ ಅಗ್ಗದ ಗ್ಯಾಲರಿಗೆ. ಅಲ್ಲಿ ಲುಂಗಿ ಉಟ್ಟು ಬಂದವರನ್ನೂ ಯಾರೂ ತಡೆಯುವುದಿಲ್ಲ. ಹಾಗಿದ್ದ ಮೇಲೆ ಕೋಟು ಯಾಕೆ ಎಂದರೆ, ‘ಅವು ಮೈ ತಿಕ್ಕಿಸ್ಕಂಡು, ಜೂಲು ಹೆಣಸ್ಕಂಡು, ಬಾಲ ಬಾಚಿಸ್ಕಂಡು ಬಂದಿರ್ತಾವೆ. ನಾವು ಬನೀನಾಗೆ ಹೋದ್ರೆ ಏನಂದ್ಕಂತಾವೆ?’ ಎನ್ನುತ್ತಿದ್ದ. ಟೈ ಕಟ್ಟುವುದನ್ನು ಹೊನ್ನಾಳಿಯ ಒಬ್ಬ ವಿಮಾ ಏಜೆಂಟರಿಂದ ಕಲಿತಿದ್ದ. ಕಲಿಸಿದ ತಪ್ಪಿಗೆ ಆ ಏಜೆಂಟರು ಇವನಿಗೆ ಪಾಲಿಸಿ ಮಾಡಿಸಬಹುದೆಂದು ವರ್ಷಗಟ್ಟಲೆ ಆಸೆ ಇಟ್ಟುಕೊಂಡಿದ್ದರು. ಮಾವ ಮಾಡಿಸಲಿಲ್ಲ. ‘ನಾನು ಸಾಯ್ತೀನಿ ಅಂತ ನಾನೇ ರೊಕ್ಕ ಕಟ್ಟೋದು ಜೂಜಲ್ಲೇನ್ರಿ?’ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ.

ಈ ಕೊನೆಯ ಕುದುರೆಯ ತತ್ವವನ್ನು ಅವನು ಬೆಂಗಳೂರಿನಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಒಂದು ವರ್ಷ ಊರಿನ ಹೈಸ್ಕೂಲಿನ ಆಟೋಟಕ್ಕೆ ಇವನನ್ನು ಅತಿಥಿಯಾಗಿ ಕರೆದರು. ಇವನು ತನ್ನ ಕೈಯಿಂದ ದುಡ್ಡು ಹಾಕಿ ಒಂದು ಸ್ಟೀಲಿನ ಊಟದ ಡಬ್ಬಿ ಕೊಂಡೊಯ್ದು, ಓಟದಲ್ಲಿ ಕೊನೆಗೆ ಬಂದ ಹುಡುಗನನ್ನು ಕರೆದು ಕೊಟ್ಟ. ಮೊದಲು ಬಂದವನಿಗೆ ಸಿಕ್ಕಿದ್ದು ಸೋಪಿನ ಪೆಟ್ಟಿಗೆ. ಮರುವರ್ಷ ಇವನು ಮತ್ತೆ ಬಂದು ಕುರ್ಚಿಯ ಮೇಲೆ ಕೂತದ್ದನ್ನು ಹುಡುಗರು ನೋಡಿದರು. ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಹುಡುಗರೆಲ್ಲ ಗೆರೆಯ ಮೇಲೆ ನಿಂತು, ‘ನೀ ನಡಿಯಪ್ಪ,’ ‘ಇಲ್ಲಪ್ಪ, ನೀ ಮೊದ್ಲು,’ ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡತೊಡಗಿದರು. ಅಂಥ ವಿನಯವನ್ನು ಆ ಶಾಲೆ ಹಿಂದೆಂದೂ ಕಂಡಿರಲಿಲ್ಲ. ನೂರು ಮೀಟರಿನ ಆ ಓಟ ನನಗೆ ತಿಳಿದಂತೆ ಇನ್ನೂ ಮುಗಿದಿಲ್ಲ.

ನಮ್ಮ ಅತ್ತೆ ಮೊದಮೊದಲು ಜಗಳ ಮಾಡಿದಳು. ಅದಕ್ಕೆ ಮಾವನ ಹತ್ತಿರ ಒಂದು ಬಲವಾದ ವಾದವಿತ್ತು. ಬೆಂಗಳೂರಿನಲ್ಲಿ ಕುದುರೆಗಳು ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತವೆ, ಒಳಗಿನ ಬಿಳೀ ಕಂಬಿ ಅವುಗಳ ಬಲಕ್ಕೇ ಇರುತ್ತದೆ. ಅಂದರೆ ಅದು ಪ್ರದಕ್ಷಿಣೆ. ಪ್ರದಕ್ಷಿಣೆ ನಡೆಯುವ ಜಾಗ ಪಾಪದ ಜಾಗ ಹೇಗಾದೀತು?

‘ಪ್ರದಕ್ಷಿಣೆ ಹಾಕಾಕೆ ಊರಾಗೆ ಗುಡಿ ಇಲ್ಲೇನು?’ ಎಂದಳು ಅತ್ತೆ.

‘ಗುಡೀನ ನಾನೇ ಸುತ್ತಬೇಕು. ಅಲ್ಲಿ ನಾನು ನಿಂತಿರ್ತೀನಿ, ಅವು ಸುತ್ತತಾವೆ.’

ಅತ್ತೆ ಅವತ್ತಿನಿಂದ ಆ ಮಾತು ಬಿಟ್ಟಳು. ಸೋತದ್ದಕ್ಕಲ್ಲ, ಬೇಸರಕ್ಕೆ.

ಇಲ್ಲಿಯವರೆಗೆ ನಗಬಹುದಾಗಿತ್ತು. ನಾವೂ ನಗುತ್ತಿದ್ದೆವು. ಆದರೆ ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮಾವನ ಒಬ್ಬಳೇ ಮಗಳು ಗಿರಿಜ ಮದುವೆಗೆ ಬಂದಿದ್ದಳು. ನ್ಯಾಮತಿಯಿಂದ ಒಂದು ಸಂಬಂಧ ಬಂತು. ಎಲ್ಲ ಕೂಡಿಬಂದು ಉಂಡು ಹೋದವರು ಆಮೇಲೆ ಸುದ್ದಿಯಿಲ್ಲದಾದರು. ವಿಚಾರಿಸಿದರೆ, ‘ಹುಡುಗಿ ಅಪ್ಪ ರೇಸ್ ಆಡ್ತಾನಂತೆ. ಇವತ್ತು ಹೊಲ, ನಾಳೆ ಮನೆ,’ ಅಂದರಂತೆ. ಎರಡನೆಯದಾಗಿ ಜಗಳೂರಿನ ಸಂಬಂಧ ಬಂತು. ಹುಡುಗ ಹೈಸ್ಕೂಲು ಮೇಷ್ಟ್ರು. ಗಿರಿಜ ಅವನಿಗೆ ಚಹಾ ಕೊಡುವಾಗ ಕಪ್ಪು ಅಲುಗಾಡಿ ಸಾಸರಿಗೆ ಚೆಲ್ಲಿತು. ಅವನು ಸಾಸರಿನಿಂದಲೇ ಕುಡಿದ. ಗಿರಿಜ ಒಳಗೆ ಹೋಗಿ ನಕ್ಕಳು. ಮನೆಯಲ್ಲಿ ಅವಳ ನಗು ಕೇಳಿ ಬಹಳ ದಿನವಾಗಿತ್ತು, ಹಾಗಾಗಿ ಎಲ್ಲರಿಗೂ ಅರ್ಥವಾಯಿತು.

ಹುಡುಗನ ತಂದೆ ಜಗಳೂರಿನಲ್ಲಿ ಶೇಂಗಾ ವ್ಯಾಪಾರಿ. ಊರಿನಲ್ಲಿ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಬಿಳೀ ಪಂಚೆ, ಬಿಳೀ ಜುಬ್ಬ, ಬಿಳೀ ರುಮಾಲು, ಹಣೆಯ ಮೇಲೆ ಬಿಳೀ ವಿಭೂತಿ. ಹೊತ್ತು ತಪ್ಪದ ಲಿಂಗಪೂಜೆ. ಮಾತು ಕಡಿಮೆ. ಅವರು ನಮ್ಮ ಮಾವನ ಮನೆ, ಹಿತ್ತಿಲು, ದನದ ಕೊಟ್ಟಿಗೆ, ಬಾವಿಯ ನೀರು ಎಲ್ಲವನ್ನೂ ನೋಡಿ ಜಗುಲಿಯ ಮೇಲೆ ಕೂತು ಹೇಳಿದರು:

‘ಗೌಡ್ರೆ, ಮನೆ ನೋಡಿದ್ವಿ. ಹಿತ್ತಿಲು ನೋಡಿದ್ವಿ. ನೀವು ವರ್ಷಕ್ಕೆ ಮೂರ್ನಾಕು ಸಲ ಹೋಗಿ ನಿಲ್ಲೋ ಜಾಗ ಒಂದೈತಂತೆ. ಅದನ್ನೂ ನೋಡಬೇಕಲ್ರಿ.’

‘ನಾನು ಆಡಲ್ರಿ ಯಜಮಾನ್ರೆ,’ ಎಂದ ಮಾವ.

‘ಹಂಗಾದ್ರೆ ತೋರಿಸಾಕೇನು?’

ಹೆಣ್ಣು ಕೊಡುವ ಮನೆಯನ್ನು ಹೋಗಿ ನೋಡುವುದು ನಮ್ಮ ಕಡೆಯ ಪದ್ಧತಿ. ರೇಸ್ ಕೋರ್ಸನ್ನೂ ಆ ಮನೆಯ ಒಂದು ಅಂಕಣವೆಂದು ಲೆಕ್ಕ ಹಿಡಿದವರು ಅವರೊಬ್ಬರೇ ಇರಬೇಕು. ಮಾವ ಒಪ್ಪಿದ. ಆಗ ಯಜಮಾನರು ಒಂದು ಷರತ್ತು ಹಾಕಿದರು. ತಾವು ಅಲ್ಲಿ ಹೊಸಬರು, ಎಲ್ಲಿ ಏನು ನಡೆಯುತ್ತದೆಂದು ತಿಳಿಯದು, ಆದ್ದರಿಂದ ಮಾವನ ಮೇಲೆ ಕಣ್ಣಿಡಲು ಎರಡೂ ಕಡೆಯವರಿಗೆ ಒಪ್ಪಿಗೆಯಾದ ಒಬ್ಬ ಸಾಕ್ಷಿ ಬೇಕು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಆಗ ಚನ್ನಗಿರಿಯಲ್ಲಿ ಭೂಮಾಪನ ಇಲಾಖೆಯಲ್ಲಿದ್ದೆ. ಸ್ವಭಾವದಿಂದಲೇ ನಿಧಾನಸ್ಥ. ಹದ್ದುಗಲ್ಲು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಬರೆಯುವವನು. ಯಾರ ಪರವಾಗಿಯೂ ಒಂದು ಗೇಣು ಜರುಗಿಸದವನು ಎಂದು ಹೆಸರಿತ್ತು. ಅದರಿಂದ ನನಗೆ ಸ್ನೇಹಿತರು ಕಡಿಮೆ ಇದ್ದರು, ಸಾಕ್ಷಿಯ ಕರೆಗಳು ಹೆಚ್ಚಿದ್ದವು. ‘ಇವನು ಸುಳ್ಳು ಹೇಳಲ್ಲ. ಹೇಳಾಕೆ ಬರಲ್ಲ,’ ಎಂದು ಮಾವನೇ ಶಿಫಾರಸು ಮಾಡಿದ.

ನಾವು ಹೊರಟ ದಿನ ಗಿರಿಜ ಬಾಗಿಲಿಗೆ ಬಂದಳು. ಅಪ್ಪನ ಟೈ ಸರಿಮಾಡುತ್ತ, ‘ಹೋಗಬ್ಯಾಡ ಅಂತ ನಾನು ಯಾವತ್ತೂ ಅಂದಿಲ್ಲಪ್ಪ. ಈ ಸಲ ಹೋಗೋದು ನನ್ನ ಸಲುವಾಗಿ. ಅಷ್ಟು ನೆನಪಿಟ್ಕಾ,’ ಎಂದಳು. ಮಾವ ತಲೆಯಾಡಿಸಿದ.

ಹಿಂದಿನ ದಿನವೇ ಹೋಗಿ ಛತ್ರದಲ್ಲಿ ಉಳಿದು, ಮರುದಿನ ಊಟ ಮುಗಿಸಿ ರೇಸ್ ಕೋರ್ಸಿಗೆ ಹೋದೆವು. ಮೋಡ ಕವಿದಿತ್ತು. ಯಜಮಾನರು ಗೇಟಿನ ಹತ್ತಿರ ರುಮಾಲಿನ ಅಂಚನ್ನು ಎಳೆದು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಗೇಟಿನವನು ನಮ್ಮ ಮಾವನಿಗೆ ಸಲಾಮು ಹೊಡೆದ. ಯಜಮಾನರು ನನ್ನ ಕಡೆ ತಿರುಗಿ, ‘ಪರಿಚಯ ಜೋರೈತೆ,’ ಎಂದರು.

‘ಅವನು ಹೊಡೆದದ್ದು ಕೋಟಿಗೆ ಬಿಡ್ರಿ,’ ಎಂದ ಮಾವ.

ಒಳಗೆ ಹೋದ ಕೂಡಲೇ ಮಾವ ಒಂದು ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತು ಕೋಟಿನ ಒಳಜೇಬಿಗೆ ಕೈ ಹಾಕಿದ. ಯಜಮಾನರು ನನ್ನ ರಟ್ಟೆ ಹಿಡಿದರು. ನಾನು ಓಡಿದೆ. ಅದು ದುರ್ಬೀನು ಬಾಡಿಗೆಗೆ ಕೊಡುವ ಕಿಟಕಿ. ಮಾವ ಒಂದನ್ನು ಕುತ್ತಿಗೆಗೆ ನೇತು ಹಾಕಿಕೊಂಡು ಬಂದ.

‘ಕೊನೇ ಕುದುರೆ ನೋಡಾಕೆ ದುರ್ಬೀನು ಯಾತಕ್ರಿ?’ ಎಂದರು ಯಜಮಾನರು.

‘ಎಲ್ಲಕ್ಕಿಂತ ದೂರ ಇರೋದು ಅದೇ ಅಲ್ರಿ.’

ಸಾಕ್ಷಿಯ ಕೆಲಸ ಎಷ್ಟು ಕಷ್ಟವೆಂದು ನನಗೆ ಅವತ್ತು ಗೊತ್ತಾಯಿತು. ಜೀವನದಲ್ಲಿ ಮೊದಲ ಸಲ ರೇಸ್ ಕೋರ್ಸಿಗೆ ಹೋಗಿದ್ದೇನೆ. ಸುತ್ತ ಬಣ್ಣ, ಗದ್ದಲ, ಹಸಿರು ಹುಲ್ಲು. ನಾನು ಮಾತ್ರ ಒಬ್ಬ ಮನುಷ್ಯನ ಎರಡು ಕೈ ನೋಡಿಕೊಂಡು ನಿಂತಿದ್ದೇನೆ! ಆ ಕೈಗಳಾದರೂ ಸುಮ್ಮನಿದ್ದವೇ? ಮಾವನಿಗೆ ಅಡಿಕೆ ಹಾಕುವ ಚಟ. ಡಬ್ಬಿ ಇದ್ದದ್ದು ಒಳಜೇಬಿನಲ್ಲಿ. ಒಂದೊಂದು ಸಲ ಕೈ ಒಳಗೆ ಹೋದಾಗಲೂ ನಾನು ತುದಿಗಾಲ ಮೇಲೆ ನಿಲ್ಲುತ್ತಿದ್ದೆ. ಅಡಿಕೆಯೆಂದು ಖಾತ್ರಿಯಾದ ಮೇಲೆ ಇಳಿಯುತ್ತಿದ್ದೆ. ಸಂಜೆಯ ಹೊತ್ತಿಗೆ ನನ್ನ ಮೀನಖಂಡಗಳು ಯಾವ ಕುದುರೆಯ ಕಾಲಿಗಿಂತಲೂ ಕಡಿಮೆ ನೋಯುತ್ತಿರಲಿಲ್ಲ.

ಮಾವ ನಮ್ಮನ್ನು ಮೊದಲು ಪ್ಯಾಡಕ್ಕಿಗೆ ಕರೆದುಕೊಂಡು ಹೋದ. ಓಟಕ್ಕೆ ಮುಂಚೆ ಕುದುರೆಗಳನ್ನು ಜನರಿಗೆ ತೋರಿಸಲು ಸುತ್ತಾಡಿಸುವ ಅಂಗಳ ಅದು. ಲಾಯದವರು ಹಗ್ಗ ಹಿಡಿದು ನಡೆಸುತ್ತಾರೆ. ಬಣ್ಣಬಣ್ಣದ ರೇಷ್ಮೆ ಅಂಗಿಯ ಜಾಕಿಗಳು ಬಂದು ಟೋಪಿ ಮುಟ್ಟಿ ಮಾಲೀಕರಿಗೆ ನಮಸ್ಕಾರ ಮಾಡುತ್ತಾರೆ. ಗಂಟೆ ಹೊಡೆದ ಮೇಲೇ ಕುದುರೆ ಹತ್ತಬೇಕು. ಮಾವ ಕೈಮುಗಿದು ನಿಂತಿದ್ದ. ಆಮೇಲೆ, ‘ಆ ಬೂದು ಬಣ್ಣದ್ದು ನೋಡ್ರಿ. ಇವತ್ತು ಅದು ಕೊನೆ,’ ಎಂದು ಪಿಸುಗುಟ್ಟಿದ.

ಯಜಮಾನರು ಅವನ ಕಡೆ ತಿರುಗಿ, ‘ಯಾವುದು ಮೊದಲು ಬರ್ತದೆ ಅಂತ ಹೇಳಿದ್ರೆ ಜೂಜು. ಯಾವುದು ಕೊನೆಗೆ ಬರ್ತದೆ ಅಂತ ಹೇಳಿದ್ರೆ ಏನ್ರಿ ಅದು?’ ಎಂದರು.

ಮಾವನ ಮುಖ ಕಪ್ಪಿಟ್ಟಿತು. ಇಷ್ಟು ವರ್ಷದಲ್ಲಿ ಅವನಿಗೆ ಅದು ಹೊಳೆದೇ ಇರಲಿಲ್ಲ. ಮುಂದಿನ ಓಟಕ್ಕೆ ಮುಂಚೆ ಪ್ಯಾಡಕ್ಕಿನಲ್ಲಿ ಅವನು ಕುದುರೆಗಳ ಕಡೆ ನೋಡದೆ ನೆಲ ನೋಡುತ್ತ ನಿಂತ. ಕೋಟು ಟೈ ಹಾಕಿ, ಬಾಡಿಗೆ ದುರ್ಬೀನು ಹೊತ್ತು, ನೆಲ ನೋಡಲು ಬೆಂಗಳೂರಿಗೆ ಬಂದವನು ಅವನೊಬ್ಬನೇ.

ಓಟ ಶುರುವಾದಾಗ ಯಜಮಾನರಿಗೆ ಒಂದು ಅನುಮಾನ ಬಂತು. ‘ಎಲ್ಲಕ್ಕಿಂತ ಹಿಂದೆ ಬಿಳೀದು ಒಂದು ಬರ್ತಾ ಐತಲ್ರಿ, ನಿಮ್ಮದು ಅದೇನು?’

‘ಅದು ಕುದುರೆ ಅಲ್ರಿ. ಆಂಬುಲೆನ್ಸ್ ವ್ಯಾನು. ಯಾರಾದ್ರೂ ಬಿದ್ರೆ ಅಂತ ಪ್ರತಿ ಓಟಕ್ಕೂ ಹಿಂದೇ ಹೋಗತದೆ.’

‘ಹಂಗಾದ್ರೆ ಕೊನೇದು ಅದೇ ಆತಲ್ಲ,’ ಎಂದರು ಯಜಮಾನರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ನನಗೆ ಸ್ವಲ್ಪ ಧೈರ್ಯ ಬಂತು.

ಆ ಧೈರ್ಯ ಬಹಳ ಹೊತ್ತು ಉಳಿಯಲಿಲ್ಲ. ಯಜಮಾನರ ಪೂಜೆಯ ಹೊತ್ತಾಯಿತು. ಹೊತ್ತು ತಪ್ಪಿಸುವಂತಿಲ್ಲ. ಮಾವ ಅವರನ್ನು ಗ್ಯಾಲರಿಯ ಹಿಂದೆ ಒಂದು ಮರದ ಬುಡಕ್ಕೆ ಕರೆದೊಯ್ದು ಟವಲು ಹಾಸಿದ. ಯಜಮಾನರು ಕುತ್ತಿಗೆಯ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದಿಟ್ಟಿಸುತ್ತ ಕೂತರು. ತುಟಿ ಅಲುಗುತ್ತಿತ್ತು. ಅಷ್ಟರಲ್ಲಿ ದಾವಣಗೆರೆಯ ಒಬ್ಬ ಹತ್ತಿ ದಲಾಲಿ ಆ ಕಡೆ ಬಂದವನು ಅವರನ್ನು ಗುರುತಿಸಿ ಗಕ್ಕನೆ ನಿಂತ. ಚಪ್ಪಲಿ ಬಿಟ್ಟ. ಕೈಕಟ್ಟಿ ಕಾದ. ಯಜಮಾನರು ಪೂಜೆ ಮುಗಿಸಿ ಕಣ್ಣೆತ್ತಿದ ಕೂಡಲೇ ಬಗ್ಗಿ, ತೀರಾ ಭಕ್ತಿಯಿಂದ ಕೇಳಿದ: ‘ಯಜಮಾನ್ರೆ, ಮುಂದಿನ ಓಟಕ್ಕೆ ಯಾವ ನಂಬರು ಕಾಣಿಸ್ತ್ರಿ?’

ಯಜಮಾನರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಯಾಯಿತು. ದಲಾಲಿ ಅದನ್ನು ತಪ್ಪಾಗಿ ತಿಳಿದ. ‘ಹೇಳಬಾರದು ಅಂದ್ರೆ ಬ್ಯಾಡ ಬಿಡ್ರಿ. ನೀವು ಇಲ್ಲಿಗೆ ಬರ್ತೀರಿ ಅನ್ನೋದು ನನ್ನ ಹೊಟ್ಟ್ಯಾಗೇ ಇರ್ತದೆ,’ ಎಂದು ಎದೆ ಮುಟ್ಟಿಕೊಂಡು ಹೋದ. ದಾವಣಗೆರೆಯ ದಲಾಲಿಯ ಹೊಟ್ಟೆಯಲ್ಲಿ ಸುದ್ದಿ ಎಷ್ಟು ಹೊತ್ತು ನಿಲ್ಲುತ್ತದೆಂದು ಜಗಳೂರಿನ ವ್ಯಾಪಾರಿಗೆ ಬೇರೆ ಹೇಳಬೇಕೆ? ಜೂಜುಕೋರನನ್ನು ಪರೀಕ್ಷೆ ಮಾಡಲು ಬಂದವರು ಅವರು. ಸಂಜೆಯೊಳಗೆ ಹೆಸರು ಕೆಟ್ಟದ್ದು ಅವರದೇ.

ಸಣ್ಣಗೆ ಮಳೆ ಹನಿಯಿತು. ಒಂದು ಓಟ ಮುಗಿದರೆ ಸಾಕು, ಸೋತವರು ಪಣ ಕಟ್ಟಿದ ಚೀಟಿಗಳನ್ನು ಹರಿದು ಎಸೆಯುತ್ತಾರೆ. ನೆಲವೆಲ್ಲ ಚೀಟಿ. ಮಾವ ಕಟ್ಟೆಯ ಮೇಲೆ ಕಾಲು ಎತ್ತಿಟ್ಟಾಗ ಬೂಟಿನ ಅಟ್ಟೆಗೆ ಒದ್ದೆಯಾದ ಒಂದು ಚೀಟಿ ಅಂಟಿಕೊಂಡಿತ್ತು. ಅದು ಹರಿದಿರಲಿಲ್ಲ. ಯಜಮಾನರು ಬಗ್ಗಿ ಅದನ್ನು ಎಳೆದು ತೆಗೆದು, ನೀರು ಒರೆಸಿ, ನನ್ನ ಮುಂದೆ ಹಿಡಿದರು.

‘ಇದೇನಪ್ಪಾ?’

‘ಚೀಟಿ,’ ಎಂದೆ.

‘ಯಾರದು?’

‘ಯಾರದೆಂದು ಗೊತ್ತಿಲ್ಲ. ಇವರು ಕೊಂಡದ್ದನ್ನು ನಾನು ನೋಡಿಲ್ಲ.’

‘ನೋಡಿಲ್ಲವೋ, ಕೊಂಡಿಲ್ಲವೋ?’

ನನ್ನ ಇಲಾಖೆಯಲ್ಲಿ ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ. ಪೂಜೆಗೆ ಟವಲು ಹಾಸುವಾಗ, ದಲಾಲಿ ಬಂದಾಗ, ನನ್ನ ಕಣ್ಣು ಮಾವನ ಕೈ ಬಿಟ್ಟಿತ್ತು. ಅದನ್ನು ಹಾಗೇ ಹೇಳಿದೆ. ಮಾವ ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ. ‘ಅವನು ಹಂಗೇರಿ. ಅದಕ್ಕೇ ಕರ್ಕಂಡು ಬಂದಿದ್ದು,’ ಎಂದು ಯಜಮಾನರಿಗೆ ಹೇಳಿದ. ಅವರು ಚೀಟಿಯನ್ನು ಎಸೆಯಲಿಲ್ಲ. ಮಡಿಸಿ ಜುಬ್ಬದ ಜೇಬಿಗೆ ಹಾಕಿಕೊಂಡರು. ಗಿರಿಜ ಬಾಗಿಲಲ್ಲಿ ನಿಂತದ್ದು ನನಗೆ ಕಣ್ಣಿಗೆ ಕಟ್ಟಿತು. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ನಿಂತಲ್ಲಿ ನಿಲ್ಲಲಾಗಲಿಲ್ಲ.

ಇನ್ನು ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ. ನಾನು ಕಂಡಷ್ಟನ್ನು ಮಾತ್ರ.

ಮುಂದಿನ ಓಟದ ಹೊತ್ತಿಗೆ ನಾವು ಮೂವರೂ ತಿರುವಿನ ಕಡೆ, ಮಾವನ ಮಾಮೂಲು ಜಾಗದಲ್ಲಿ, ಬಿಳೀ ಕಂಬಿಗೆ ಒರಗಿ ನಿಂತಿದ್ದೆವು. ನಾನು ಮಾವನ ಕೈ ನೋಡುತ್ತಿದ್ದೆ. ಎರಡೂ ಕೈ ದುರ್ಬೀನಿನ ಮೇಲಿದ್ದವು. ಕುದುರೆಗಳು ಗುಂಪಾಗಿ ನಮ್ಮ ಮುಂದೆ ಹಾದು ಹೋದದ್ದು ನನಗೆ ಸದ್ದಿನಿಂದ ತಿಳಿಯಿತು. ನೆಲ ನಡುಗಿತು. ಆಮೇಲೆ ಮಾವನ ಕೈ ದುರ್ಬೀನನ್ನು ಮೆಲ್ಲಗೆ ಕೆಳಗಿಳಿಸಿತು. ಬರಿಗಣ್ಣಿಗೇ ಕಾಣುವಷ್ಟು ಹತ್ತಿರ ಏನೋ ಇದೆ ಎಂದು ಗೊತ್ತಾಗಿ ನಾನೂ ತಲೆಯೆತ್ತಿದೆ.

ಕಂದು ಬಣ್ಣದ ಒಂದು ಕುದುರೆ ನಿಂತಿತ್ತು. ಜಾಕಿ ಕೆಳಗಿಳಿದು ಲಗಾಮು ಹಿಡಿದಿದ್ದ. ಹಳದಿ ಅಂಗಿ. ಕುದುರೆ ಮೂರು ಕಾಲಿನ ಮೇಲಿತ್ತು. ಮುಂದಿನ ಒಂದು ಕಾಲು ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು. ಅದು ಕೂಗಲಿಲ್ಲ. ಮುಂದೆ ಹೋದ ಕುದುರೆಗಳ ಕಡೆ ಕಿವಿ ನಿಮಿರಿಸಿ ನೋಡುತ್ತಿತ್ತು, ಓಟಕ್ಕೆ ಮತ್ತೆ ಸೇರಿಕೊಳ್ಳಬೇಕು ಎನ್ನುವಂತೆ ಎರಡು ಸಲ ಕುತ್ತಿಗೆ ಮುಂದೆ ಚಾಚಿತು. ಬಿಳೀ ವ್ಯಾನು ಬಂದು ನಿಂತಿತು. ಇನ್ನೊಂದು ಗಾಡಿಯೂ ಬಂತು. ಅದರಿಂದ ಇಳಿದ ಕೆಲವರು ಕೋಲುಗಳಿಗೆ ಕಟ್ಟಿದ ಉದ್ದನೆಯ ಒಂದು ಹಸಿರು ಬಟ್ಟೆ ಬಿಡಿಸಿ, ಕುದುರೆಯ ಸುತ್ತ ಹಿಡಿದು ನಿಂತರು.

ಬಟ್ಟೆಯ ಕೆಳಗೆ ಜನರ ಕಾಲುಗಳು ಕಾಣುತ್ತಿದ್ದವು. ಕುದುರೆಯ ಕಾಲುಗಳು ಕಾಣುತ್ತಿದ್ದವು. ಆ ಕಡೆ ಗ್ಯಾಲರಿಯಲ್ಲಿ ಗೆದ್ದ ಕುದುರೆಯನ್ನು ಮಾಲೀಕರು ಲಗಾಮು ಹಿಡಿದು ನಡೆಸಿಕೊಂಡು ಬರುತ್ತಿರಬೇಕು, ಚಪ್ಪಾಳೆ ಕೇಳುತ್ತಿತ್ತು. ಬುಕ್ಕಿಗಳು ಹಲಗೆ ಒರೆಸಿ ಮುಂದಿನ ಓಟದ ಹೆಸರು ಬರೆಯಲು ಶುರು ಮಾಡಿದ್ದರು. ಜನ ಆ ಕಡೆಗೆ ಓಡುತ್ತಿದ್ದರು. ಕಾಲು ಮುರಿದ ಕುದುರೆಯನ್ನು ಅಲ್ಲೇ ಗುಂಡಿಟ್ಟು ಮುಗಿಸುತ್ತಾರಂತೆ. ಆ ಗುಂಡಿನ ಸದ್ದು ಕೇಳಿಸಿತೇ ಎಂದರೆ ಕೇಳಿಸಿತು ಎಂದು ನಾನು ಹೇಳಲಾರೆ. ಧ್ವನಿವರ್ಧಕ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ನಾನು ಹೇಳಬಲ್ಲದ್ದು ಇಷ್ಟು: ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯ ಕೆಳಗೆ ಜನರ ಕಾಲುಗಳು ಮಾತ್ರ ನಿಂತಿದ್ದವು.

‘ಬಟ್ಟೆ ಯಾಕ್ರಿ ಹಿಡಿದ್ರು?’ ಎಂದರು ಯಜಮಾನರು.

‘ನೋಡಬಾರದು ಅಂತ.’

‘ಯಾರು?’

‘ನಾವು.’

ಯಜಮಾನರು ಮಾವನ ಮುಖ ನೋಡಿದರು, ಅವನ ಕಣ್ಣು ಆ ಬಟ್ಟೆಯನ್ನು ಬಿಟ್ಟಿರಲಿಲ್ಲ. ಆಮೇಲೆ ಜೇಬಿನಿಂದ ಆ ಚೀಟಿ ತೆಗೆದು ನೆಲಕ್ಕೆ ಬಿಟ್ಟರು. ಅದುವರೆಗೆ ಮಾವನನ್ನು ಗೌಡ್ರೆ ಎಂದೇ ಕರೆಯುತ್ತಿದ್ದವರು, ‘ಬೀಗ್ರೆ,’ ಎಂದರು. ‘ನನಗೆ ಒಪ್ಪಿಗೆ ಐತೆ. ಇನ್ನ ನೋಡಾದೇನಿಲ್ಲ. ನಡ್ರಿ ಹೋಗಾನ.’

ಅತ್ತೆ, ಗಿರಿಜ, ಸಾಸರಿನಲ್ಲಿ ಚಹಾ ಕುಡಿದ ಮೇಷ್ಟ್ರು, ಎಲ್ಲರೂ ಒಟ್ಟಿಗೆ ನೆನಪಾದರು. ನಾನು ಹೊರಡಲು ತಿರುಗಿದೆ. ಮಾವ ಅಲುಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಮಳೆಹನಿ ಅವನ ಬೋಳು ನೆತ್ತಿಯ ಮೇಲೆ ಬೀಳುತ್ತಿತ್ತು.

‘ಯಜಮಾನ್ರೆ, ಒಂದು ಮಾತು ಕೇಳ್ತೀನಿ. ಬ್ಯಾಸರ ಮಾಡ್ಕಬ್ಯಾಡ್ರಿ,’ ಎಂದ. ‘ನನ್ನ ಮಗಳು ನಿಮ್ಮ ಮನಿಗೆ ಬರ್ತಾಳೆ. ನಿಮ್ಮ ಮನ್ಯಾಗೂ ದಿನಾ ಓಟ ಇರ್ತದೆ. ವ್ಯಾಪಾರ, ಸುಗ್ಗಿ, ಬಂದೋರು ಹೋದೋರು. ಒಂದಿನ ಅವಳು ಬಿದ್ಲು ಅಂದ್ಕಳ್ರಿ. ಕಾಯಿಲೆನೋ, ಏನೋ. ಅವತ್ತು ನಿಂತು ನೋಡೋರು ಯಾರ್ರಿ?’

ಗಂಡಿನ ತಂದೆಗೆ ಹೆಣ್ಣಿನ ತಂದೆ ಕೇಳುವ ಮಾತೇ ಇದು? ಒಪ್ಪಿಗೆ ಕೈಗೆ ಬಂದ ಗಳಿಗೆಯಲ್ಲಿ? ಯಜಮಾನರು ಒಂದೇ ಮಾತಿಗೆ ಎದ್ದು ಹೋಗುವ ಮನುಷ್ಯರು ಎಂದು ಜಗಳೂರಿನಲ್ಲಿ ಎಲ್ಲರಿಗೂ ಗೊತ್ತು. ಮಾವನ ತೋಳು ಹಿಡಿದು ಎಳೆಯಬೇಕೆಂದುಕೊಂಡೆ. ಅವನು ಯಜಮಾನರ ಕಡೆ ನೋಡುತ್ತಿರಲಿಲ್ಲ. ಹಸಿರು ಬಟ್ಟೆಯ ಕಡೆ ನೋಡುತ್ತಿದ್ದ. ಉತ್ತರ ಬಾರದಿದ್ದರೆ ಅವನು ಮಗಳನ್ನು ಕೊಡುವುದಿಲ್ಲ ಎನ್ನುವುದು ನನಗೆ ಆಗ ತಿಳಿಯಿತು.

ಯಜಮಾನರು ಸಿಟ್ಟಾಗಲಿಲ್ಲ. ಕಂಬಿಯ ಮೇಲೆ ಕೈಯಿಟ್ಟು ನಿಂತರು.

‘ನನ್ನ ಮನೆಯಾಕೆ ಹೋದದ್ದು ಶೇಂಗಾ ಸುಗ್ಗ್ಯಾಗೆ,’ ಎಂದರು. ‘ಮುಂಜಾನೆಯಿಂದ ಮೈ ಸರಿಯಿಲ್ಲ ಅಂದಿದ್ಲು. ಅಂಗಡಿ ಮುಂದೆ ಗಾಡಿ ನಿಂತಿದ್ವು. ಇದೊಂದು ತೂಕ ಮುಗಿಸಿ ಬರ್ತೀನಿ ಅಂದೆ. ಆಮೇಲೆ ಇನ್ನೊಂದು ಅಂದೆ. ಬಾಗಿಲು ಮುಂದೆ ಮಾಡಿ ಹೋಗಿದ್ದೆ, ಗಾಡಿಯೋರ ಗದ್ದಲ ಅವಳಿಗೆ ಕೇಳಬಾರದು ಅಂತ.’ ಅವರು ರುಮಾಲಿನ ಅಂಚಿನಿಂದ ಮುಖದ ಮಳೆನೀರು ಒರೆಸಿಕೊಂಡರು. ‘ನಾನು ನಿಂತು ನೋಡಲಿಲ್ರಿ. ನೋಡಿದ್ದೆ ಅಂತ ನಿಮ್ಮ ಮುಂದೆ ಸುಳ್ಳು ಹೇಳಾಕೆ ಆಗಲ್ಲ.’

ಮಾವ ಬಟ್ಟೆಯಿಂದ ಕಣ್ಣು ತೆಗೆದು ಅವರ ಕಡೆ ತಿರುಗಿದ.

‘ನಿಮ್ಮ ಹುಡುಗಿ ಬಂದ ಮೇಲೆ ಅಂಗಡೀಗೆ ದೊಡ್ಡ ಮಗ ಕೂತ್ಕಂತಾನೆ. ನಾನು ಮನ್ಯಾಗೆ ಇರ್ತೀನಿ. ಅವಳು ಮಲಗಿದ ದಿನ ಬಾಗಿಲಾಗೆ ನಾನು ಕೂತಿರ್ತೀನಿ. ಇಷ್ಟೇ ನನ್ನ ಕೈಲಾಗೋದು.’

‘ಹಂಗಾದ್ರೆ ಕೊಡ್ತೀನ್ರಿ,’ ಎಂದ ಮಾವ.

ಬಟ್ಟೆ ಹಿಡಿದವರು ಅದನ್ನು ಮಡಿಸಿದರು. ಗಾಡಿ ಮೆಲ್ಲಗೆ ಹೊರಟಿತು. ಲಗಾಮು ಹಿಡಿದಿದ್ದ ಜಾಕಿ ಜೀನನ್ನು ತೋಳಿನ ಮೇಲೆ ಹೊತ್ತು, ಹುಲ್ಲಿನ ಮೇಲೆ ಒಬ್ಬನೇ ನಡೆದು ಹೋದ. ಅವನು ಗ್ಯಾಲರಿಯ ಹಿಂದೆ ಮರೆಯಾಗುವವರೆಗೂ ಇಬ್ಬರೂ ನೋಡಿದರು. ಮುಂದಿನ ಓಟಕ್ಕೆ ಗಂಟೆ ಹೊಡೆಯಿತು. ಹೋಗಾನ ಎಂದಿದ್ದ ಯಜಮಾನರು ಹೆಗಲ ಮೇಲಿನ ಬಿಳೀ ವಸ್ತ್ರ ತೆಗೆದು, ಮಳೆಗೆ ಒದ್ದೆಯಾಗಿದ್ದ ಕಂಬಿಯನ್ನು ಮಾವ ನಿಂತಿದ್ದ ಕಡೆಯವರೆಗೂ ಒರೆಸಿದರು. ಇಬ್ಬರೂ ಅದರ ಮೇಲೆ ಮೊಣಕೈ ಊರಿ ಪಕ್ಕಪಕ್ಕ ನಿಂತರು.